ಆರ್‌ಜಿ 34 ಡಬ್ಬಿ: ಅಸಲಿ ಯಾವುದು, ಜೋಡಿಸಿದ್ದು ಯಾವುದು?

ನೆಕ್ಕರ್ ದಂಡೆ
ಎಲ್ಲರಿಗೂ ನಮಸ್ಕಾರ. ನಾನಿರೋದು ಸ್ಟುಟ್‌ಗಾರ್ಟ್ ಕಡೆ. ಇಲ್ಲಿ ವಾರಾಂತ್ಯದ ಹಳೆ ಸಾಮಾನಿನ ಸಂತೆಗಳಲ್ಲಿ ಎರಡನೇ ಮಹಾಯುದ್ಧದ ಜರ್ಮನ್ ರೈಫಲ್ ಶುಚಿ ಕಿಟ್‌ಗಳು ಆಗಾಗ ಕಣ್ಣಿಗೆ ಬೀಳ್ತವೆ. ಅಂಗೈ ಅಗಲದ ತಗಡಿನ ಡಬ್ಬಿ, ಒಳಗೆ ಸರಪಳಿ, ಎರಡು ಬ್ರಷ್, ಎಣ್ಣೆ ಡಬ್ಬಿ. ಹೆಸರು ರೈನಿಗುಂಗ್ಸ್‌ಗೆರೇಟ್ 34, ಎಲ್ಲರ ಬಾಯಲ್ಲೂ ಆರ್‌ಜಿ 34. ಒಂದನ್ನಾದರೂ ಕೊಳ್ಳಬೇಕು ಅಂತ ಬಹಳ ದಿನದ ಆಸೆ.

ಈ ಸಲ ಎರಡು ಸಿಕ್ಕಿವೆ. ಮೊದಲನೆಯದು ಫಳಫಳ ಹೊಳೀತಿದೆ. ಎಲ್ಲ ಉಪಕರಣ ಇದೆ, ಎಲ್ಲದರ ಮೇಲೂ ಒಂದೇ ಗುರುತು. ಮುಚ್ಚಳದ ಮೇಲೆ "ಸಿಎನ್‌ಎಕ್ಸ್ 38", ಪಕ್ಕದಲ್ಲಿ ಎಸ್‌ಎಸ್ ರೂನ್ ಮುದ್ರೆ, ಅಂದ್ರೆ ಹಿಟ್ಲರನ ಎಸ್‌ಎಸ್ ಪಡೆಯ ಜೋಡಿ ಮಿಂಚಿನಂಥ ಗುರುತು. ಮಾರೋನು ಅದರ ಮೇಲೆ ಬಿಳಿ ಸ್ಟಿಕರ್ ಹಚ್ಚಿದ್ದ, ಕೇಳಿದ್ಮೇಲೆ ಎತ್ತಿ ತೋರಿಸಿದ. 180 ಯೂರೋ.

ಎರಡನೆಯದಕ್ಕೆ ಬಣ್ಣ ಅರ್ಧ ಹೋಗಿದೆ, ಒಂದು ಕೀಲು ಸ್ವಲ್ಪ ಬಾಗಿದೆ. ಮುಚ್ಚಳದ ಮೇಲೆ "ಜಿ. ಆಪ್ಪೆಲ್ 1937". ಒಳಗಿನ ಎಣ್ಣೆ ಡಬ್ಬಿಗೆ ಬೇರೆ ಗುರುತು, ಸರಪಳಿ ಉಕ್ಕಿನದು, ಒಂದು ಬ್ರಷ್ ಇಲ್ಲವೇ ಇಲ್ಲ. 35 ಯೂರೋ.

ಮನಸ್ಸು ಮೊದಲನೆಯದರ ಕಡೆ ಎಳೀತಿದೆ. ತಿಳಿದೋರು ಹೇಳಿ.

ಹಳೆ ಕಬ್ಬಿಣ
ಮನಸ್ಸನ್ನ ವಾಪಸ್ ಎಳ್ಕೊಳ್ಳಿ ಸಾರ್. 180 ಯೂರೋ ಕೇಳ್ತಿರೋ ಡಬ್ಬಿ ತನ್ನ ಬಾಯಿಂದಲೇ ಸುಳ್ಳು ಒಪ್ಕೊಂಡುಬಿಟ್ಟಿದೆ.

ಸಿಎನ್‌ಎಕ್ಸ್ ಅನ್ನೋದು ಬರ್ಲಿನ್-ಸ್ಪ್ಯಾಂಡೌನಲ್ಲಿದ್ದ ಗುಸ್ತಾವ್ ಆಪ್ಪೆಲ್ ಯಂತ್ರ ಕಾರ್ಖಾನೆಯ ಗುಪ್ತ ಸಂಕೇತ. ನೀವು ನೋಡಿದ ಎರಡನೇ ಡಬ್ಬಿಯ "ಜಿ. ಆಪ್ಪೆಲ್" ಕೂಡ ಅದೇ ಕಾರ್ಖಾನೆ. ಯುದ್ಧಕ್ಕೆ ಮುಂಚೆ ಹೆಸರನ್ನ ನೇರವಾಗೇ ಒತ್ತುತ್ತಿದ್ರು. ಶತ್ರು ಕೈಗೆ ಸಿಕ್ಕ ಸಾಮಾನಿಂದ ಯಾವ ಕಾರ್ಖಾನೆ ಎಲ್ಲಿದೆ ಅಂತ ಗೊತ್ತಾಗಬಾರದು ಅಂತ 1940-41ರ ಹೊತ್ತಿಗೆ ಹೆಸರು ತೆಗೆದು ಎರಡು ಮೂರು ಸಣ್ಣಕ್ಷರಗಳ ಸಂಕೇತ ತಂದರು. ಹೀಗಿರುವಾಗ 1938ರ ಡಬ್ಬಿ ಮೇಲೆ ಸಿಎನ್‌ಎಕ್ಸ್ ಬರೋದು ಹೇಗೆ? 41, 42, 43 ಅಂತಿದ್ರೆ ಒಪ್ಪಬಹುದಿತ್ತು. ಹಾಗೇ ಯಾರಾದ್ರೂ "ಜಿ. ಆಪ್ಪೆಲ್ 1943" ಅಂತ ಪೂರ್ತಿ ಹೆಸರಿನದ್ದು ತೋರಿಸಿದ್ರೆ ಅಲ್ಲೂ ಹುಬ್ಬು ಏರಿಸಿ.

ಇನ್ನೊಂದು ಹೆಚ್ಚಾಗಿ ಸಿಗೋ ಸಂಕೇತ ಎಬಿ. ಅದು ಮಾಗ್ಡೆಬುರ್ಗ್ ಊರಿನ ಮುಂಡ್ಲೋಸ್. ಮೂಲತಃ ಹೊಲಿಗೆ ಯಂತ್ರದ ಕಂಪನಿ. ತೆಳು ತಗಡು, ಸಣ್ಣ ತಿರುಪು, ಪುಟ್ಟ ಎಣ್ಣೆ ಡಬ್ಬಿ ಎಲ್ಲ ಹೊಲಿಗೆ ಯಂತ್ರದೋರಿಗೆ ದಿನದ ಕೆಲಸ, ಹಾಗಾಗಿ ಈ ಗುತ್ತಿಗೆ ಅವರಿಗೆ ಹೋಗಿದ್ರಲ್ಲಿ ಆಶ್ಚರ್ಯ ಇಲ್ಲ.

ಎಸ್‌ಎಸ್ ರೂನ್ ಬಗ್ಗೆ ಒಂದೇ ಮಾತು. ಯಾವ ಮುದ್ರೆ ಬಿದ್ರೆ ಬೆಲೆ ಐದು ಪಟ್ಟಾಗುತ್ತೋ ನಕಲಿಯವರು ಮೊದಲು ಹೊಡೆಯೋದು ಅದನ್ನೇ.

ಧಾರವಾಡದಾಂವ
ಎರಡನೇ ಡಬ್ಬಿ ತಗೋರಿ. ಒಳಗಿಂದು ಒಂದಕ್ಕೊಂದು ಹೊಂದಂಗಿಲ್ಲ ಅಂತ ತಲಿ ಕೆಡಿಸ್ಕೋಬ್ಯಾಡ್ರಿ.

ಮಾಲ್ ಮ್ಯಾಚಿಂಗ್
ಇದನ್ನ ನಾನು ಒಪ್ಪಲ್ಲ. ಸಂಗ್ರಹ ಅಂದ್ಮೇಲೆ ಒಂದು ಶಿಸ್ತು ಬೇಕು. ಡಬ್ಬಿ 1937, ಎಣ್ಣೆ ಡಬ್ಬಿಗೆ ಬೇರೆ ಗುರುತು, ಸರಪಳಿ ಇನ್ಯಾವಾಗಿಂದೋ, ಬ್ರಷ್ ಒಂದಿಲ್ಲ. ಅದು ಕಿಟ್ ಅಲ್ಲ, ಗುಜರಿ. ನನ್ನ ಹತ್ತಿರ ಇರೋವೆಲ್ಲ ಒಂದೇ ತಯಾರಕ, ಒಂದೇ ವರ್ಷ. ಹುಡುಕೋಕೆ ಕಷ್ಟ ಅಂತ ಹುಡುಕೋದೇ ಬಿಡೋದಾ?

ಹಳೆ ಕಬ್ಬಿಣ
ನಿಮ್ಮ ಶೋಕೇಸ್ ಚೆನ್ನಾಗಿದೆ, ಫೋಟೋ ನೋಡಿದ್ದೀನಿ. ಅವು ಹಾಗೇ ಸಿಕ್ಕವಾ, ನೀವೇ ಒಂದೊಂದಾಗಿ ಕೊಂಡು ಜೋಡಿಸಿದ್ದಾ?

ಮಾಲ್ ಮ್ಯಾಚಿಂಗ್
ಜೋಡಿಸಿದ್ದು. ಅದರಲ್ಲೇನು ತಪ್ಪು?

ಹಳೆ ಕಬ್ಬಿಣ
ತಪ್ಪೇನಿಲ್ಲ, ಜೋಡಿಸಿದ್ದು ಅಂತ ಹೇಳಿದ್ರೆ. ಮಾರುವಾಗ "ಕಾರ್ಖಾನೆಯಿಂದ ಹೀಗೇ ಬಂದಿದ್ದು" ಅಂದ್ರೆ ತಕರಾರು.

ಸ್ವಲ್ಪ ಬಿಡಿಸಿ ಹೇಳ್ತೀನಿ. ಇದು ಸಿಪಾಯಿ ತನ್ನ ಬ್ರೆಡ್ ಚೀಲದಲ್ಲೋ ಬೆನ್ನುಚೀಲದಲ್ಲೋ ಹೊತ್ತು ತಿರುಗಿದ ಸಾಮಾನು. ಬ್ರಷ್ ಸವೀತದೆ, ಹೊಸದು ಕೊಡ್ತಾರೆ. ಸರಪಳಿ ಕಳೆದುಹೋಗುತ್ತೆ, ಉಗ್ರಾಣದಲ್ಲಿ ಕೈಗೆ ಸಿಕ್ಕಿದ್ದನ್ನ ಕೊಡ್ತಾರೆ. ಮೊದಮೊದಲು ಸರಪಳಿ ಅಲ್ಯೂಮಿನಿಯಂ ಮಿಶ್ರಲೋಹದ್ದು, ಆಮೇಲೆ ಉಕ್ಕಿನದು ಬಂತು. ಹಾಗಾಗಿ 1937ರ ಡಬ್ಬಿಯಲ್ಲಿ ಉಕ್ಕಿನ ಸರಪಳಿ ಕಂಡ್ರೆ ನನಗೆ ಅನುಮಾನ ಬರಲ್ಲ, ಈ ಡಬ್ಬಿ ಯುದ್ಧ ಪೂರ್ತಿ ದುಡಿದಿದೆ ಅಂತ ಅನ್ನಿಸುತ್ತೆ. ಯಾವನೋ ಕಾಲಾಳು ಇದನ್ನ ಕೊಳಕು ಕೈಯಲ್ಲಿ ತೆಗೆದು ಬಳಸಿದ್ದಾನೆ. ಹೊಂದಿಕೆಯಿಲ್ಲದ ಕಿಟ್ಟೇ ಸಾಮಾನ್ಯ, ಎಲ್ಲ ಹೊಂದಿದ್ದೇ ಅಪರೂಪ. ಅಪರೂಪದ್ದು ಪ್ರತಿ ಸಂತೆಯಲ್ಲೂ ಸಿಗ್ತಿದೆ ಅಂದ್ರೆ ಯಾರೋ ತಯಾರು ಮಾಡ್ತಿದ್ದಾರೆ ಅಂತ ಅರ್ಥ.

ಮಾಲ್ ಮ್ಯಾಚಿಂಗ್
ಬಳಸದೇ ಉಗ್ರಾಣದಲ್ಲೇ ಉಳಿದ ಕಿಟ್‌ಗಳು ಇರೋದೇ ಇಲ್ವಾ? ಇದ್ದೇ ಇರ್ತವೆ. ಅವನ್ನೂ ನಕಲಿ ಅನ್ನೋಕಾಗುತ್ತಾ?

ಹಳೆ ಕಬ್ಬಿಣ
ಇರ್ತವೆ. ಅವಕ್ಕೂ ವಯಸ್ಸಾಗಿರುತ್ತೆ. ಒಳಗಿನ ಎಣ್ಣೆ ಅಂಟಾಗಿ ಕಂದುಬಣ್ಣಕ್ಕೆ ತಿರುಗಿರುತ್ತೆ, ನಳಿಗೆ ಒರೆಸೋ ಬತ್ತಿ ಹಳದಿಯಾಗಿರುತ್ತೆ. ಹೊಸತಾಗಿ ಉಳಿಯೋದು ಬೇರೆ, ಹೊಸದಾಗಿರೋದು ಬೇರೆ.

ಲೇತ್ ಮೇಷ್ಟ್ರು
ಸಂಕೇತ, ಇಸವಿ ಎಲ್ಲ ಓದಿ ಕಲಿತ ನಕಲಿಗಾರ ನಾಳೆ "ಸಿಎನ್‌ಎಕ್ಸ್ 42" ಅಂತ ಸರಿಯಾಗೇ ಹೊಡೀತಾನೆ. ಆಗೇನು ಮಾಡ್ತೀರಿ? ನಾನು ಬಹುಕಾಲ ಐಟಿಐನಲ್ಲಿ ಟೂಲ್ ಅಂಡ್ ಡೈ ಹೇಳ್ಕೊಟ್ಟೋನು. ಜರ್ಮನ್ ಇತಿಹಾಸ ನನಗೆ ಅಷ್ಟಕ್ಕಷ್ಟೆ, ತಗಡು ಮಾತ್ರ ಗೊತ್ತು. ಒಂದು ಹತ್ತು ಪಟ್ಟಿನ ಭೂತಗನ್ನಡಿ ತಗೊಂಡು ಹೋಗಿ.

ಮೊದಲು ಅಕ್ಷರದ ತಳ ನೋಡಿ. ಉಕ್ಕಿನ ಪಂಚ್‌ನಿಂದ ಹೊಡೆದಾಗ ಲೋಹ ಎಲ್ಲೂ ಮಾಯ ಆಗಲ್ಲ, ಪಕ್ಕಕ್ಕೆ ಸರೀತದೆ. ಅಕ್ಷರದ ಅಂಚಿನಲ್ಲಿ ಉಗುರಿಗೆ ತಾಗೋವಷ್ಟು ಸಣ್ಣ ಏಣು ಎದ್ದಿರುತ್ತೆ. ಡಬ್ಬಿಯ ಒಳಗಡೆ ಅದೇ ಜಾಗದಲ್ಲಿ ಉಬ್ಬು ಕಾಣುತ್ತೆ. ಲೇಸರಲ್ಲಿ ಕೆತ್ತಿದ್ರೆ ಲೋಹ ಸುಟ್ಟುಹೋಗಿರುತ್ತೆ, ತಳ ಚಪ್ಪಟೆ, ಸಣ್ಣ ಸಾಲು ಸಾಲು ಗೀರು, ಒಳಗಡೆ ಉಬ್ಬಿಲ್ಲ.

ಎರಡನೇದು ಬಣ್ಣ. ಕಾರ್ಖಾನೆಯಲ್ಲಿ ತಗಡು ಸಪಾಟಾಗಿದ್ದಾಗಲೇ ಗುರುತು ಒತ್ತಿ, ಮಡಚಿ, ಬೆಸೆದು, ಕೊನೆಗೆ ಬಣ್ಣ ಹೊಡೆಯೋದು ಸರಿಯಾದ ಕ್ರಮ. ಹಾಗಾಗಿ ಬಣ್ಣ ಅಕ್ಷರದ ಒಳಗೂ ಇಳಿದಿರಬೇಕು. ಅಕ್ಷರದೊಳಗೆ ಲೋಹ ಬತ್ತಲೆಯಾಗಿ ಮಿಂಚ್ತಿದ್ರೆ, ಅಥವಾ ಅಂಚಿನಲ್ಲಿ ಹಳೆ ಬಣ್ಣ ಚಕ್ಕೆ ಎದ್ದು ಒಡೆದಿದ್ರೆ, ಮುದ್ರೆ ಆಮೇಲೆ ಬಂದಿದೆ. ತುಕ್ಕಿನ ಮೇಲೆ ಹೊಡೆದ ಮುದ್ರೆ ಇನ್ನೂ ಸುಲಭ, ತುಕ್ಕು ಅಲ್ಲಿ ಪುಡಿಯಾಗಿರುತ್ತೆ.

ಮೂರನೇದು ಕೀಲು. ಇದನ್ನ ಯಾರೂ ನೋಡಲ್ಲ, ನಕಲಿ ಮಾಡೋನೂ ನೋಡಲ್ಲ. ಮುಚ್ಚಳ ಸಾವಿರಾರು ಸಲ ತೆರೆದು ಮುಚ್ಚಿದ ಕೀಲಲ್ಲಿ ತಂತಿಯ ಪಿನ್ ನಡುನಡುವೆ ಸವೆದು ಮೆಟ್ಟಿಲಾಗಿರುತ್ತೆ, ಸುರುಳಿಯ ಒಳಮೈ ಒಂದೇ ಕಡೆ ಉಜ್ಜಿರುತ್ತೆ. ಮುಚ್ಚಳವನ್ನ ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡಿ. ಹೊರಮೈ ಅರವತ್ತು ವರ್ಷ ಮಣ್ಣಲ್ಲಿದ್ದ ಹಾಗೆ ಕಂಡು ಕೀಲು ಮಾತ್ರ ಬಿಗಿಯಾಗಿ ಹೊಸದಾಗಿದ್ರೆ, ಆ ತುಕ್ಕು ಉಪ್ಪು ನೀರಿನ ಬಕೆಟ್‌ನಲ್ಲಿ ಹುಟ್ಟಿದ್ದು.

ನೆಕ್ಕರ್ ದಂಡೆ
ಮೇಷ್ಟ್ರೇ, ಇದನ್ನ ಪ್ರಿಂಟ್ ತೆಗೆದು ಜೇಬಲ್ಲಿಟ್ಕೋತೀನಿ. ಒಳಗಿನ ಉಪಕರಣಗಳ ಬಗ್ಗೆನೂ ಯಾರಾದ್ರೂ ಹೇಳಿ. ಯಾವುದು ಯಾವುದಕ್ಕೆ ಅನ್ನೋದೇ ನನಗೆ ಪೂರ್ತಿ ಗೊತ್ತಿಲ್ಲ.

ಹಳೆ ಕಬ್ಬಿಣ
ಡಬ್ಬಿ ಸುಮಾರು 13.5 ಸೆಂ.ಮೀ. ಉದ್ದ, 8.5 ಸೆಂ.ಮೀ. ಅಗಲ. ಎರಡು ಮುಚ್ಚಳ. ಒಂದರ ಹಿಂದೆ ಉಪಕರಣ, ಇನ್ನೊಂದರ ಹಿಂದೆ ಬತ್ತಿ ಇಡೋ ಸಣ್ಣ ಅರೆ.

ಸರಪಳಿಯೇ ಇದರ ಜೀವ. ಅದಕ್ಕೆ ಮುಂಚೆ ರೈಫಲ್ ನಳಿಗೆ ತಿಕ್ಕೋಕೆ ಉಕ್ಕಿನ ಕೋಲು ಬಳಸ್ತಿದ್ರು. ಬಾಯಿ ಕಡೆಯಿಂದ ಕೋಲು ಹಾಕಿ ಹಾಕಿ ತಿಕ್ಕಿದ್ರೆ ನಳಿಗೆಯ ಬಾಯಂಚಿನಲ್ಲಿ ಗುಂಡನ್ನ ತಿರುಗಿಸೋ ಸುರುಳಿ ಗೀರುಗಳು ಸವೆದು ಗುರಿ ಕೆಡುತ್ತೆ. ಸರಪಳಿಯಲ್ಲಿ ಆ ತಾಪತ್ರಯ ಕಡಿಮೆ. ಬೋಲ್ಟ್ (ತೋಟಾ ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚೋ ತುಂಡು) ತೆಗೆದು, ಸರಪಳಿಯ ಒಂದು ತುದಿಯನ್ನ ಹಿಂದುಗಡೆಯಿಂದ ನಳಿಗೆಯೊಳಗೆ ಬಿಟ್ರೆ ತನ್ನ ಭಾರಕ್ಕೇ ಜಾರಿ ಬಾಯಲ್ಲಿ ಹೊರಬರುತ್ತೆ. ಇನ್ನೊಂದು ತುದಿಯ ಕಣ್ಣಿಗೆ ಬತ್ತಿಯ ತುಂಡು ಮಡಚಿ ಹಾಕಿಯೋ, ಬ್ರಷ್ ಸಿಕ್ಕಿಸಿಯೋ ನೇರವಾಗಿ ಎಳೆಯೋದು. ಬ್ರಷ್‌ನಲ್ಲಿ ಒಂದು ತಿಕ್ಕೋಕೆ, ಇನ್ನೊಂದು ಎಣ್ಣೆ ಸವರೋಕೆ.

ಮಡಚಿದ ತಗಡಿನ ಉದ್ದನೆ ಉಪಕರಣ ಇರುತ್ತಲ್ಲ, ಅದು ಹ್ಯುಲ್ಸೆನ್‌ಕೋಪ್ಫ್‌ವಿಷರ್. ತುದಿಗೆ ಬತ್ತಿ ಸುತ್ತಿ ಬೋಲ್ಟಿನ ಕಿವಿಗಳು ಕೂರೋ ಸಂದನ್ನ ಒರೆಸೋದು ಅದರಿಂದ. ಅಲ್ಲಿಗೆ ಬೆರಳು ಹೋಗಲ್ಲ, ಕೊಳೆ ಕೂರೋದೂ ಅಲ್ಲೇ. ಸಂಗ್ರಾಹಕರು ಹೆಚ್ಚಾಗಿ ಕಳ್ಕೊಳ್ಳೋದೂ ಇದನ್ನೇ, ನೋಡೋಕೆ ತಗಡಿನ ಚೂರಿನ ಹಾಗಿರುತ್ತೆ ಅಂತ.

ಇಷ್ಟೆಲ್ಲ ಯಾಕೆ ತಿಕ್ಕಬೇಕು ಅಂದ್ರೆ ಆ ಕಾಲದ ಗುಂಡಿನ ಮದ್ದಲ್ಲ, ಅದರ ಹಿಂದಿನ ಕಿಡಿ ಟೋಪಿಯ ರಾಸಾಯನಿಕ. ಹೆಚ್ಚಿನವು ಹಾರಿದ ಮೇಲೆ ನಳಿಗೆಯಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಅನ್ನೋ ಉಪ್ಪು ಬಿಡ್ತಿದ್ವು. ಉಪ್ಪು ಗಾಳಿಯ ತೇವ ಹೀರುತ್ತೆ, ರಾತ್ರಿ ಕಳೆಯೋದ್ರೊಳಗೆ ನಳಿಗೆ ಕೆಂಪಗಾಗುತ್ತೆ. ಬರೀ ಎಣ್ಣೆ ಸವರಿದ್ರೆ ಉಪ್ಪು ಕರಗಲ್ಲ. 1904ರಲ್ಲಿ ಕ್ಲೇವರ್ ಅನ್ನೋ ಕಂಪನಿ ಬ್ಯಾಲಿಸ್ಟಾಲ್ ಅನ್ನೋ ಎಣ್ಣೆ ತಂತು. ಸ್ವಲ್ಪ ಕ್ಷಾರ ಗುಣ, ನೀರಿನ ಜೊತೆ ಬೆರೆತು ಹಾಲಿನ ಹಾಗಾಗುತ್ತೆ. ಲೋಹ, ಮರ, ಚರ್ಮ ಮೂರಕ್ಕೂ ಆಗುತ್ತೆ ಅಂತ ಜರ್ಮನ್ ಸೇನೆ ಹಿಡ್ಕೊಂಡಿತು. ಈಗಲೂ ಅಂಗಡಿಯಲ್ಲಿ ಸಿಗುತ್ತೆ, ವಾಸನೆ ಒಂದು ಥರ.

ಮೂಡಲ ಸೀಮೆ
ಹಾಗಾದ್ರೆ ರೈಫಲ್ ಕೆಳಗೆ ಒಂದು ಕೋಲು ಸಿಕ್ಕಿಸಿರ್ತಾರಲ್ಲ, ಅದು ಯಾಕೆ? ಆ ಯುದ್ಧದ ಜರ್ಮನ್ ರೈಫಲ್ ಕಾರ್ 98ಕೆ ಚಿತ್ರದಲ್ಲೆಲ್ಲ ಕಾಣುತ್ತೆ.

ಹಳೆ ಕಬ್ಬಿಣ
ಅದು ಹಳೆ ಗೆವೇರ್ 98 ರೈಫಲ್ಲಿನ ಕಾಲದಿಂದ, ಅಂದ್ರೆ 1898ರಿಂದ ಬಂದ ಪದ್ಧತಿ. ಒಂದೊಂದು ಕೋಲು ಗಿಡ್ಡ, ಪಕ್ಕದೋನ ಕೋಲನ್ನೂ ತಿರುಪಿ ಸೇರಿಸ್ಕೊಂಡು ಉದ್ದ ಮಾಡ್ಕೋಬೇಕು. 1935ರ ಕಾರ್ 98ಕೆಗೆ 10 ಇಂಚಿನದೂ ಇದೆ, 12.5 ಇಂಚಿನದೂ ಇದೆ. ಸರಪಳಿ ಬಂದ್ಮೇಲೆ ಕೋಲಿನ ಕೆಲಸ ಕಮ್ಮಿ ಆಯ್ತು. ಸಿಕ್ಕಿಹಾಕ್ಕೊಂಡ ಖಾಲಿ ತೋಟಾ ತಳ್ಳೋಕೆ, ರೈಫಲ್‌ಗಳನ್ನ ಒಂದಕ್ಕೊಂದು ಆನಿಸಿ ನಿಲ್ಲಿಸೋಕೆ ಅಂತ ಉಳೀತು.

ಧಾರವಾಡದಾಂವ
ಒಬ್ಬಾಂವ ನನಗ "ಮೊದಲನೇ ಮಹಾಯುದ್ಧದ ಶುಚಿ ಡಬ್ಬಿ, 1917" ಅಂತ ಇದ ಸರಪಳಿ ಡಬ್ಬಿ ಮಾರಾಕ ಬಂದಿದ್ದ. ಹೆಸರಿನಾಗ 34 ಅಂತ ಐತಿ, 1917ಕ್ಕ ಹೆಂಗ ಬಂತೋ ತಮ್ಮಾ ಅಂದೆ. ಮತ್ತ ಕಾಣಲಿಲ್ಲ.

ಮೊದಲನೇ ಯುದ್ಧದ, ಅಂದ್ರ ಜರ್ಮನ್ ಚಕ್ರವರ್ತಿ ಕೈಸರ್ ಕಾಲದ್ದು ಬೇಕಾದ್ರ ಬ್ಯಾರೆನ ಹುಡುಕಬೇಕ್ರಿ. ನಳಿಗಿ ಒಳಗ ಎಳಿಯೂ ಹಗ್ಗ, ಗ್ರೀಸಿನ ದುಂಡನ ಡಬ್ಬಿ, ನಳಿಗಿ ಬಾಯಿಗೆ ಹಾಕೂ ಮುಚ್ಚಳ. ಆ ಬಾಯಿ ಮುಚ್ಚಳ ನನಗ ಭಾಳ ಸೇರತದ. ಖಂದಕದ ಕೆಸರು ಒಳಗ ಹೋಗಬಾರದಂತ ಮಾಡಿದ್ದು, ಕೀಲಿನ ಟೊಪ್ಪಿಗಿ ತೆಗದ್ರ ತಿಕ್ಕಾಕೂ ದಾರಿ.

ಪುಟ್ಟಕ್ಕ ಶಿರಸಿ
ನಮ್ಮಜ್ಜ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ರು, ಯುದ್ಧದಲ್ಲಿ ಇಟಲಿಗೆ ಹೋಗಿದ್ರು. ಅವರ ಟ್ರಂಕಿನಲ್ಲಿ ಹಿತ್ತಾಳೆಯ ಸಣ್ಣ ಕೊಳವೆ ಇದೆ, ಮುಚ್ಚಳ ತಿರುಪಿದ್ರೆ ಒಳಗೆ ಚಿಕ್ಕ ಚಮಚದಂಥ ಕಡ್ಡಿ. ಜೊತೆಗೆ ಉದ್ದ ದಾರ, ತುದಿಯಲ್ಲಿ ಹಿತ್ತಾಳೆ ತೂಕ. ಜರ್ಮನ್ ಸಿಪಾಯಿಯಿಂದ ಸಿಕ್ಕಿದ್ದು ಅಂತ ಮನೆಯಲ್ಲಿ ಹೇಳ್ತಾರೆ. ಇದು ಆರ್‌ಜಿ 34ರ ಭಾಗವಾ?

ಹಳೆ ಕಬ್ಬಿಣ
ಅಲ್ಲಮ್ಮ, ಅದು ನಿಮ್ಮಜ್ಜನದ್ದೇ. ಬ್ರಿಟಿಷ್ ಲೀ-ಎನ್‌ಫೀಲ್ಡ್ ರೈಫಲ್ಲಿನ ಸಾಮಾನು. ಆ ರೈಫಲ್ಲಿನ ಹಿಡಿಮರದ ಹಿಂಬದಿಯಲ್ಲಿ ಒಂದು ಬಿಲ ಇರುತ್ತೆ, ಹಿತ್ತಾಳೆ ಎಣ್ಣೆ ಕೊಳವೆಯೂ ತೂಕದ ದಾರವೂ ಅದರೊಳಗೆ ಕೂರ್ತವೆ. ದಾರದ ಕುಣಿಕೆಗೆ 4 ಇಂಚು 2 ಇಂಚಿನ ಫ್ಲಾನೆಲ್ ಬಟ್ಟೆ ಸಿಕ್ಕಿಸಿ ಎಳೆಯೋದು. ಜರ್ಮನ್ ಕಾರ್ 98ಕೆಯಲ್ಲಿ ಆ ಬಿಲ ಇಲ್ಲ, ಅದಕ್ಕೇ ಬೇರೆ ಡಬ್ಬಿ ಹೊತ್ಕೊಂಡು ಹೋಗ್ತಿದ್ರು. ನಮ್ಮ ಕಡೆಯ ಹಳೆ ಸೈನಿಕರ ಮನೆಗಳಲ್ಲಿ ಸಿಗೋದು ಹೆಚ್ಚಾಗಿ ಈ ಹಿತ್ತಾಳೆ ಕೊಳವೆಯೇ. ತಳದಲ್ಲಿ ಅಕ್ಷರ, ಬಾಣದ ಗುರುತು ಇದೆಯಾ ನೋಡಿ. ದಯವಿಟ್ಟು ಬ್ರಾಸೋ ಹಾಕಿ ಉಜ್ಜಬೇಡಿ.

ಪುಟ್ಟಕ್ಕ ಶಿರಸಿ
ಅಮ್ಮ ಪ್ರತಿ ದೀಪಾವಳಿಗೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ. ಗುರುತು ಏನಾದ್ರೂ ಇದ್ದಿದ್ರೆ ಈಗ ಇಲ್ಲ.

ಕುಡ್ಲದ ಗಾಳಿ
ಹ್ಹ ಹ್ಹ, ನಮ್ಮಲ್ಲಿ ಅದೂ ಬೇಡ ಮಾರಾಯ್ರೆ, ಕಡಲ ಗಾಳಿಯೇ ಎಲ್ಲ ತಿಂದು ಹಾಕ್ತದೆ. ಕಾಪಾಡುವ ಬಗ್ಗೆ ನಾನು ಸ್ವಲ್ಪ ಬರೀತೇನೆ, ಮಂಗಳೂರಿನ ಮಳೆಯಲ್ಲಿ ಕಬ್ಬಿಣ ಇಟ್ಟುಕೊಂಡವ ನಾನು.

ಡಬ್ಬಿ ಸಿಕ್ಕಿದ ಕೂಡಲೇ ಒಳಗಿನದ್ದೆಲ್ಲ ಹೊರಗೆ ತೆಗೆದು ಬೇರೆ ಬೇರೆ ಇಡಿ. ಅಲ್ಯೂಮಿನಿಯಂ ಸರಪಳಿ ಉಕ್ಕಿನ ಡಬ್ಬಿಗೆ ತಾಗಿಕೊಂಡು ತೇವದಲ್ಲಿ ಕೂತರೆ ಸರಪಳಿಯಲ್ಲಿ ಬಿಳಿ ಪುಡಿ ಏಳ್ತದೆ, ಕೊಂಡಿ ಕೊಂಡಿಯೇ ಟೊಳ್ಳಾಗ್ತದೆ. ಬಣ್ಣ ಎಷ್ಟೇ ಕೆಟ್ಟಿದ್ದರೂ ಕೆರೆಯಬೇಡಿ. ಹಳೆ ಅಂಟೆಣ್ಣೆ ತೆಗೆಯಲು ಮೆತ್ತಗಿನ ಬಟ್ಟೆ, ಸ್ವಲ್ಪ ಖನಿಜ ಎಣ್ಣೆ ಸಾಕು. ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ ತೆಳುವಾಗಿ. ಪಿವಿಸಿ ಚೀಲದಲ್ಲಿ ಹಾಕಿದರೆ ಅದರಿಂದ ಬರುವ ಆಮ್ಲವೇ ತುಕ್ಕು ಹಿಡಿಸ್ತದೆ, ಪಾಲಿಥೀನ್ ಆದೀತು. ಸಿಲಿಕಾ ಜೆಲ್ ಹಾಕಿದ್ದೇವೆ ಅಂತ ಮರೆತು ಕೂತರೆ ಪ್ರಯೋಜನ ಇಲ್ಲ, ಅದನ್ನು ಒಣಗಿಸ್ತಾ ಇರಬೇಕು.

ಬ್ರಷ್ಷಿಗೆ ಹುಳ ಬರ್ತದೆ, ಪ್ರಾಣಿಯ ಕೂದಲಲ್ಲವಾ. ಮ್ಯೂಸಿಯಂನವರು ಕೂದಲು, ಉಣ್ಣೆಯ ವಸ್ತುಗಳನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಇಟ್ಟು ಹುಳ ಸಾಯಿಸ್ತಾರೆ. ಮನೆಯಲ್ಲೂ ಆಗ್ತದೆ, ಹೆಂಡತಿಗೆ ಮೊದಲೇ ಹೇಳಿ ಇಡಿ.

ಲೇತ್ ಮೇಷ್ಟ್ರು
ಬ್ರಷ್ ಅಂದ ಕೂಡಲೇ ನೆನಪಾಯ್ತು. ಅದೇ ಭೂತಗನ್ನಡಿಯಲ್ಲಿ ಕೂದಲಿನ ತುದಿ ನೋಡಿ. ಹಂದಿ ಕೂದಲಾದ್ರೆ ತುದಿ ಎರಡು ಮೂರಾಗಿ ಸೀಳಿರುತ್ತೆ, ದಪ್ಪ ಒಂದೇ ಸಮ ಇರಲ್ಲ. ನೈಲಾನ್ ಆದ್ರೆ ಮೀನಿನ ಗಾಳದ ದಾರ ಕತ್ತರಿಸಿದ ಹಾಗೆ, ಎಲ್ಲ ಒಂದೇ ಗಾತ್ರ. ಪ್ಲಾಸ್ಟಿಕ್ ಕೂದಲಿದ್ರೆ ಬ್ರಷ್ ಯುದ್ಧದ ನಂತರದ್ದು ಅಂತ ಇಟ್ಕೊಳ್ಳಿ.

ಧಾರವಾಡದಾಂವ
ಯುದ್ಧದ ನಂತರದ ಮಾಲಿನ ಬಗ್ಗೆನೂ ಹೇಳಬೇಕ್ರಿ, ಹೆಚ್ಚಿನ ಮಂದಿ ಮೋಸ ಹೋಗೂದು ಅಲ್ಲೆ. 1955ರಾಗ ಪಶ್ಚಿಮ ಜರ್ಮನಿಯ ಹೊಸ ಸೈನ್ಯ ಬುಂಡೆಸ್‌ವೇರ್ ಹುಟ್ಟಿತು. ಅವರೂ ಸರಪಳಿ ಪದ್ಧತಿ ಬಿಡಲಿಲ್ಲ, ಜಿ3 ರೈಫಲ್ ಕಿಟ್ಟಿನಾಗೂ ಸರಪಳಿ ಐತಿ. ಅದನ್ನ ಹಳೆ ತಗಡಿನ ಡಬ್ಬಿಗೆ ತುಂಬಿ "ವೆರ್ಮಾಖ್ಟ್", ಅಂದ್ರ ಹಿಟ್ಲರ್ ಕಾಲದ ಸೈನ್ಯದ್ದು, ಅಂತ ಮಾರತಾರ. ಗುರುತು ಹಿಡಿಯೂದು ಸರಳ. 13 ಅಂಕಿಯ ನೇಟೋ ಸಾಮಾನು ಸಂಖ್ಯೆ ನೋಡ್ರಿ, 1005-12 ಅಂತ ಶುರು ಆಗಿದ್ರ 1005 ಅಂದ್ರ 30 ಮಿ.ಮೀ. ವರೆಗಿನ ಬಂದೂಕಿನ ವರ್ಗ, 12 ಅಂದ್ರ ಜರ್ಮನಿ. ಹಿಟ್ಲರನ ಸೈನ್ಯಕ್ಕ ನೇಟೋ ನಂಬರ್ ಎಲ್ಲಿಂದ ಬರಬೇಕು?

ನಾರ್ವೆ ಇನ್ನೊಂದು ಕಥಿ. 1945ರಾಗ ಜರ್ಮನ್ನರು ಶರಣಾದಾಗ ಬಿಟ್ಟ ರೈಫಲ್ ರಾಶಿನ ಅವರು ಬಳಸಿದ್ರು. ಯುಗೊಸ್ಲಾವಿಯಾದಾಗೂ ಹಂಗ. ಅಲ್ಲಿ ಉಳಿದ ಡಬ್ಬಿ ನಕಲಿ ಅಲ್ಲ, ಖರೆ ಜರ್ಮನ್ನ. ಆದ್ರ ಎರಡನೇ ಸಂಸಾರ ಮಾಡಿ ಬಂದಾವ, ಬಣ್ಣ ಬದಲಾಗಿರತದ.

ಸುಮ್ಮನೆ ಕೇಳ್ತೀನಿ
ತಪ್ಪು ತಿಳೀಬೇಡಿ. ಇಷ್ಟೆಲ್ಲ ಓದಿದೆ. ನಾಜಿ ಸೇನೆಯ ಹದ್ದಿನ ಮುದ್ರೆ ಇರೋ ಡಬ್ಬಿಯನ್ನ ದುಡ್ಡು ಕೊಟ್ಟು ತಂದು ಮನೆಯಲ್ಲಿ ಇಟ್ಕೊಳ್ಳೋದು ಯಾಕೆ ಅನ್ನೋದು ಅರ್ಥ ಆಗಲಿಲ್ಲ. ಮೇಲೆ ಮಾಗ್ಡೆಬುರ್ಗ್ ಹೆಸರು ಬಂತು. ಅದೇ ಊರಿನ ಪೋಲ್ಟೆ ಅನ್ನೋ ಗುಂಡಿನ ಕಾರ್ಖಾನೆಯಲ್ಲಿ ಬೂಖೆನ್‌ವಾಲ್ಡ್ ಅನ್ನೋ ನಾಜಿ ಯಾತನಾ ಶಿಬಿರದ ಕೈದಿಗಳನ್ನ, ಹೆಂಗಸರನ್ನ, ಗುಲಾಮರ ಹಾಗೆ ದುಡಿಸಿದ್ರು. "ಯಾವನೋ ಕಾಲಾಳು ಕೊಳಕು ಕೈಯಲ್ಲಿ ಬಳಸಿದ" ಅಂತ ಮೇಲೊಬ್ಬರು ಭಾವುಕರಾಗಿ ಬರೆದಿದ್ದಾರೆ. ಆ ಕೈ ಆ ರೈಫಲ್ಲಿಂದ ಏನು ಮಾಡ್ತು ಅಂತ ಯಾರೂ ಕೇಳಲ್ವಾ?

ಹಳೆ ಕಬ್ಬಿಣ
ಕೇಳಬೇಕಾದ ಪ್ರಶ್ನೆಯೇ. ನನ್ನ ಮಟ್ಟಿಗೆ ಹೇಳ್ತೀನಿ. ಕಾರ್ 98ಕೆ ಒಂದು ಕೋಟಿಗೂ ಹೆಚ್ಚು ತಯಾರಾಯ್ತು. ಅಷ್ಟು ರೈಫಲ್ ನಡೆಸೋಕೆ ಅಷ್ಟೇ ಬತ್ತಿ, ಎಣ್ಣೆ, ತಗಡು ಬೇಕಿತ್ತು. ಹೊಲಿಗೆ ಯಂತ್ರ ಮಾಡೋರನ್ನೂ ಯುದ್ಧಕ್ಕೆ ಹಚ್ಚಿದ ವ್ಯವಸ್ಥೆ ಎಷ್ಟು ಆಳಕ್ಕೆ ಇಳಿದಿತ್ತು ಅನ್ನೋದು ನನಗೆ ಈ ಡಬ್ಬಿಯಲ್ಲಿ ಕಂಡಷ್ಟು ಟ್ಯಾಂಕ್ ಚಿತ್ರದಲ್ಲಿ ಕಾಣಲಿಲ್ಲ. ಅದಕ್ಕೆ ಇಟ್ಕೊಂಡಿದ್ದೀನಿ. ರೂನ್ ಮುದ್ರೆಗೆ ಐದು ಪಟ್ಟು ಕೊಡೋರ ಬಗ್ಗೆ ನಿಮಗಿರೋ ಅಸಹ್ಯವೇ ನನಗೂ ಇದೆ.

ಸುಮ್ಮನೆ ಕೇಳ್ತೀನಿ
ಸರಿ. ಪೂರ್ತಿ ಒಪ್ಪಿದೆ ಅಂತಲ್ಲ.

ನೆಕ್ಕರ್ ದಂಡೆ
ಇಲ್ಲಿನ ಕಾನೂನು ಕೂಡ ಹೇಳಿಬಿಡ್ತೀನಿ. ಜರ್ಮನ್ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ನಾಜಿ ಚಿಹ್ನೆಗಳನ್ನ ಸಾರ್ವಜನಿಕವಾಗಿ ತೋರಿಸೋದು, ಹಂಚೋದು ಅಪರಾಧ. ಸಂಶೋಧನೆ, ಬೋಧನೆ, ಇತಿಹಾಸಕ್ಕೆ ವಿನಾಯಿತಿ ಇದೆ. ಸಂತೆಯವರು ಹದ್ದಿನ ಕೆಳಗಿನ ಸ್ವಸ್ತಿಕಕ್ಕೆ ಸ್ಟಿಕರ್ ಅಂಟಿಸೋದು ಅದಕ್ಕೇ. ನಮ್ಮೂರಲ್ಲಿ ಬಾಗಿಲ ಮೇಲೆ ಸ್ವಸ್ತಿಕ ಬರೆಯೋ ನಮಗೆ ಮೊದಲ ಸಲ ವಿಚಿತ್ರ ಅನ್ನಿಸುತ್ತೆ.

ಅಸಲಿ ವಸ್ತುಗಳನ್ನ ಗಾಜಿನಾಚೆಯಿಂದಾದ್ರೂ ನೋಡಬೇಕು ಅನ್ನೋರಿಗೆ ರೈಫಲ್ ತಯಾರಕರಾದ ಮೌಸರ್ ಸಹೋದರರ ಊರು ಓಬರ್ನ್‌ಡಾರ್ಫ್‌ನಲ್ಲಿ ಶಸ್ತ್ರ ಮ್ಯೂಸಿಯಂ ಇದೆ, ನನ್ನ ಮನೆಯಿಂದ ದೂರ ಇಲ್ಲ. ಕೋಬ್ಲೆನ್ಸ್‌ನಲ್ಲಿ ಸೇನೆಯ ತಾಂತ್ರಿಕ ಸಂಗ್ರಹವೇ ಇದೆ, ಅದು ಭಾರಿ ದೊಡ್ಡದು.

ಮೂಡಲ ಸೀಮೆ
ಇಂಡಿಯಾಕ್ಕೆ ತರಬಹುದಾ? ನನಗೆ ಎಂಜಿ 34 ಮಷಿನ್‌ಗನ್ನಿನ ಚರ್ಮದ ಉಪಕರಣ ಚೀಲ ಒಂದು ಆನ್‌ಲೈನ್‌ನಲ್ಲಿ ಕಂಡಿದೆ, ಒಳಗೆ ಎಲ್ಲ ತುಂಬಿದೆ.

ನಿರ್ವಾಹಕ
ಇದಕ್ಕೆ ನಾನೇ ಉತ್ತರಿಸುತ್ತೇನೆ, ಎಲ್ಲರೂ ಗಮನಿಸಿ. ಆ ಚೀಲದಲ್ಲಿ ಎಣ್ಣೆ ಡಬ್ಬಿ, ಸ್ಪ್ಯಾನರ್, ತುಂಡಾದ ತೋಟಾ ಕೀಳುವ ಉಪಕರಣದ ಜೊತೆಗೆ ಒಂದು ಬದಲಿ ಬೋಲ್ಟ್ ಕೂಡ ಇರುತ್ತದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯಾನದಲ್ಲಿ ಆಯುಧದ ಬಿಡಿಭಾಗಗಳೂ ಆಯುಧವೇ. ಮಷಿನ್‌ಗನ್ ಬೋಲ್ಟ್ ತರಿಸಿಕೊಂಡರೆ ನೀವು ಸಂಗ್ರಾಹಕರಲ್ಲ, ಆರೋಪಿ. ಬ್ರಷ್, ಡಬ್ಬಿಯನ್ನೂ ತರಿಸುವ ಮೊದಲು ಕಸ್ಟಮ್ಸ್‌ನಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ಬೋಲ್ಟ್, ನಳಿಗೆ, ತೋಟಾ ಕೊಳ್ಳುವ ಮಾರುವ ಮಾತನ್ನು ಇಲ್ಲಿ ಯಾರೂ ಎತ್ತಬಾರದು.

ಕುಡ್ಲದ ಗಾಳಿ
ಆ ಚೀಲದಲ್ಲಿ ಇನ್ನೊಂದು ಅಪಾಯ ಉಂಟು. ಕಾದ ನಳಿಗೆ ಹಿಡಿದು ಬದಲಾಯಿಸಲು ಒಂದು ದಪ್ಪ ಬಟ್ಟೆಯ ಮೆತ್ತೆ ಇಡ್ತಿದ್ದರು, ಅದು ಆಸ್ಬೆಸ್ಟಾಸ್. ಹಳೆಯದಾಗಿ ನಾರು ಉದುರ್ತಾ ಇರ್ತದೆ. ಜಾಡಿಸಿ ನೋಡುವುದು, ಮೂಸುವುದು ಮಾಡಬೇಡಿ ಮಾರಾಯ್ರೆ.

ಮೂಡಲ ಸೀಮೆ
ಕೈಬಿಟ್ಟೆ. ಥ್ಯಾಂಕ್ಸ್.

ನೆಕ್ಕರ್ ದಂಡೆ
ಸಂತೆಗೆ ಹೋಗಿ ಬಂದೆ. ಮೇಷ್ಟ್ರು ಹೇಳಿದ ಹಾಗೆ ಭೂತಗನ್ನಡಿ, ಜೊತೆಗೆ ಒಂದು ಅಯಸ್ಕಾಂತ.

180ರ ಡಬ್ಬಿ: ರೂನ್ ಮುದ್ರೆಯ ಒಳಗೆ ಬಣ್ಣವೇ ಇಲ್ಲ, ಲೋಹ ಬೆಳ್ಳಗಿದೆ. "ಸಿಎನ್‌ಎಕ್ಸ್" ಒಳಗೆ ಬಣ್ಣ ಇದೆ, "38" ಒಳಗೆ ಇಲ್ಲ. ಅಂದ್ರೆ ಡಬ್ಬಿ ಪೂರ್ತಿ ನಕಲಿ ಅಲ್ಲ ಅನ್ಸುತ್ತೆ, ಅಸಲಿ ಡಬ್ಬಿ ಮೇಲೆ ಇಸವಿಯನ್ನೂ ರೂನನ್ನೂ ಆಮೇಲೆ ಹೊಡೆದಿದ್ದಾರೆ. ಬ್ರಷ್ ಎರಡೂ ನೈಲಾನ್. ಮಾರೋನಿಗೆ ತೋರಿಸಿದೆ. "ನನಗೂ ಹೀಗೇ ಬಂದಿದ್ದು" ಅಂದು ಸ್ಟಿಕರ್ ವಾಪಸ್ ಅಂಟಿಸಿದ.

35ರದ್ದು ಕೊಂಡೆ, 30ಕ್ಕೆ ಕೊಟ್ಟ. ಸರಪಳಿಗೆ ಅಯಸ್ಕಾಂತ ಅಂಟುತ್ತೆ. ಎಣ್ಣೆ ಡಬ್ಬಿಯ ತಳದಲ್ಲಿ ಎಬಿ ಅಂತಿದೆ.

ಹಳೆ ಕಬ್ಬಿಣ
ಮಾಗ್ಡೆಬುರ್ಗ್ ಎಣ್ಣೆ ಡಬ್ಬಿ, ಸ್ಪ್ಯಾಂಡೌ ತಗಡು. ಒಳ್ಳೇ ವ್ಯಾಪಾರ. ಅಸಲಿ ಡಬ್ಬಿಗೇ ಸುಳ್ಳು ಮುದ್ರೆ ಹೊಡೆದು ಹಾಳು ಮಾಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅದನ್ನ ಸುಮ್ಮನೆ ಬಿಟ್ಟಿದ್ರೆ 42ರ ಒಳ್ಳೇ ಡಬ್ಬಿಯಾಗಿ ಮರ್ಯಾದೆಯಿಂದ ಇರ್ತಿತ್ತೋ ಏನೋ.

ಮಾಲ್ ಮ್ಯಾಚಿಂಗ್
ನನ್ನ ಹತ್ತಿರ ಒಂದು ಹೆಚ್ಚುವರಿ ಬ್ರಷ್ ಇದೆ, ಹಂದಿ ಕೂದಲಿನದೇ, ತುದಿ ಸೀಳಿರೋದನ್ನ ಈಗಷ್ಟೇ ನೋಡಿದೆ. ಅದಕ್ಕೆ ಗುರುತಿಲ್ಲ, ನನ್ನ ಸೆಟ್ಟಿಗೆ ಹೊಂದಲ್ಲ. ಬೇಕಿದ್ರೆ ಖಾಸಗಿ ಸಂದೇಶ ಕಳಿಸಿ, ಅಂಚೆ ಖರ್ಚು ಕೊಟ್ರೆ ಸಾಕು.

ಲೇತ್ ಮೇಷ್ಟ್ರು
ಬಾಗಿದ ಕೀಲನ್ನ ಪ್ಲಯರ್ ಹಾಕಿ ನೆಟ್ಟಗೆ ಮಾಡೋಕೆ ಹೋಗಬೇಡಿ, ಸುರುಳಿ ಸೀಳುತ್ತೆ. ಪಿನ್ ಹೊರಗೆ ಬರುತ್ತಾ ನೋಡಿ, ಬಂದ್ರೆ ಪಿನ್ನಿನ ಒಂದು ಹತ್ತಿರದ ಫೋಟೋ ಹಾಕಿ. ಎಲ್ಲಿ ಸವೆದಿದೆ ಅಂತ ನೋಡ್ಕೊಂಡು ಹೇಳ್ತೀನಿ.